ಮಂಡಿಪೇಟೆಯಲ್ಲಿ ರೂಮು ಸಿಕ್ಕಿತು, ಬೈಕನ್ನು ರಾತ್ರಿ ಎಲ್ಲಿ ನಿಲ್ಲಿಸುವುದು?

ಪ್ರಶ್ನೆ: ನಾನು ಜಗಳೂರು ಕಡೆಯವನು. ದಾವಣಗೆರೆಯ ಚೌಕಿಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿದೆ. ಮಂಡಿಪೇಟೆಯ ಹಿಂದಿನ ಓಣಿಯಲ್ಲಿ ಎರಡನೇ ಮಹಡಿಯ ರೂಮು ಹಿಡಿದಿದ್ದೇನೆ. ಮೆಟ್ಟಿಲ ಕೆಳಗೆ ಬೈಕು ನಿಲ್ಲಿಸಲು ಮಾಲೀಕರು ಒಪ್ಪುತ್ತಿಲ್ಲ. ಬೈಕು 125 ಸಿಸಿಯದು, ಎರಡೂವರೆ ವರ್ಷದ ಹಿಂದೆ ಸಾಲದಲ್ಲಿ ಕೊಂಡದ್ದು, ಇನ್ನೂ ಕಂತು ಬಾಕಿ ಇದೆ. ವಸೂಲಿಗೆ ಹರಿಹರಕ್ಕೆ ಹೋಗಿಬರಬೇಕಾದ್ದರಿಂದ ಬೈಕು ಬಿಡುವಂತಿಲ್ಲ. ಈಗ ರಾತ್ರಿ ಮುಚ್ಚಿದ ಅಂಗಡಿಗಳ ಮುಂದೆ ನಿಲ್ಲಿಸುತ್ತಿದ್ದೇನೆ. ಒಮ್ಮೆ ಪೆಟ್ರೋಲ್ ಕದ್ದರು, ಎರಡು ಸಲ ಕನ್ನಡಿ ಮುರಿಯಿತು, ಒಂದು ಬೆಳಿಗ್ಗೆ ಬೈಕು ನಿಲ್ಲಿಸಿದ ಕಡೆ ಇರದೆ ನಾಲ್ಕು ಅಂಗಡಿ ಆಚೆ ಇತ್ತು. ರಾತ್ರಿ 10ರ ಮೇಲೆ ನೋ ಪಾರ್ಕಿಂಗ್ ಲೆಕ್ಕಕ್ಕಿಲ್ಲ ಎಂದು ಒಬ್ಬರು ಹೇಳುತ್ತಾರೆ. ದುಡ್ಡು ಕೊಟ್ಟು ನಿಲ್ಲಿಸಿದರೂ ಕಳುವಾದರೆ ಯಾರೂ ಹೊಣೆಯಲ್ಲ ಎಂದು ಇನ್ನೊಬ್ಬರು, ಇನ್ಶೂರೆನ್ಸ್ ಇದೆಯಲ್ಲ, ಚಿಂತೆ ಏಕೆ ಎಂದು ಮತ್ತೊಬ್ಬರು. ತಿಂಗಳಿಗೆ 500 ರೂಪಾಯಿಗಿಂತ ಹೆಚ್ಚು ಖರ್ಚು ಮಾಡಲು ನನ್ನಿಂದ ಆಗದು. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಒಂದರೊಳಗೊಂದು ಸೇರಿಕೊಂಡಿವೆ. ಬೈಕೇ ಕಳುವಾಗಿ, ಇಲ್ಲದ ಬೈಕಿಗೆ ಕಂತು ಕಟ್ಟುವ ಪಾಡು ಬಂದೀತೆಂಬ ಭಯ ಒಂದು. ಪೆಟ್ರೋಲ್, ಕನ್ನಡಿ, ಗೀರು ಎಂದು ಆಗಾಗ ತಗಲುವ ಸಣ್ಣ ನಷ್ಟದ ಬೇಸರ ಇನ್ನೊಂದು. ಇವೆರಡಕ್ಕೂ ಕಾರಣ ಬೇರೆ, ಕಾರಣರಾದವರೂ ಬೇರೆ, ಆದ್ದರಿಂದ ಪರಿಹಾರವೂ ಬೇರೆಯೇ. ದಾವಣಗೆರೆ ಮತ್ತು ಚಿತ್ರದುರ್ಗ ಎರಡೂ ಕಡೆ ವಿಮಾ ಕಂಪನಿಗಳಿಗಾಗಿ ವಾಹನ ನಷ್ಟದ ಪರಿಶೀಲನೆ ಮಾಡಿಕೊಂಡು ಬಂದಿರುವ ನಾನು ಕಂಡಂತೆ, ಜನ ಸಣ್ಣ ನಷ್ಟ ತಪ್ಪಿಸಲು ಕವರು, ಅಲಾರಂ ಎಂದು ಹಣ ಸುರಿಯುತ್ತಾರೆ. ದೊಡ್ಡ ನಷ್ಟಕ್ಕೆ ಬೇಕಾದ ಸಿದ್ಧತೆಯನ್ನು ಮಾತ್ರ ಮಾಡಿರುವುದಿಲ್ಲ.

ಪೇಟೆಯೊಳಗೆ ರಾತ್ರಿ ಜಾಗ ಹುಡುಕುವವರು ಹೆಚ್ಚಾಗಿ ಖಾಲಿ ಜಾಗವನ್ನು ಹುಡುಕುತ್ತಾರೆ. ರಾತ್ರಿ ಒಂಬತ್ತೂವರೆಯ ನಂತರ ಮಂಡಿಪೇಟೆ, ಚಾಮರಾಜಪೇಟೆ, ಅಶೋಕ ರಸ್ತೆಗಳಲ್ಲಿ ಖಾಲಿ ಜಾಗಕ್ಕೆ ಕೊರತೆಯೇ ಇಲ್ಲ. ಆದರೂ ನಿಮ್ಮ ತೊಂದರೆ ತೀರಿಲ್ಲ. ನೀವು ಹುಡುಕಬೇಕಾದದ್ದು ದಿನವೂ ಯಾರೋ ಒಬ್ಬರು ತಪ್ಪದೆ ಬೀಗ ಹಾಕುವ ಗೇಟನ್ನು. ನಿಮ್ಮ 500 ರೂಪಾಯಿ ಸಲ್ಲಬೇಕಾದದ್ದು ಆ ಬೀಗಕ್ಕೆ. ಈ ದೃಷ್ಟಿಯಿಂದ ನೋಡಿದರೆ ಹಳೇ ಪೇಟೆಯಲ್ಲೂ ಅವಕಾಶಗಳಿವೆ.

ಮೊದಲು ನಿಮ್ಮ ಗೆಳೆಯರ ಮಾತುಗಳನ್ನು ಒಂದೊಂದಾಗಿ ಪರಿಶೀಲಿಸೋಣ, ಏಕೆಂದರೆ ಮೂರರಲ್ಲೂ ಅಲ್ಪಸ್ವಲ್ಪ ಸತ್ಯವಿದೆ, ಆ ಸತ್ಯದಿಂದಲೇ ಜನ ಮೋಸಹೋಗುತ್ತಾರೆ.

ರಾತ್ರಿ 10ರ ಮೇಲೆ ನಿಲುಗಡೆ ನಿಷೇಧ ಅನ್ವಯಿಸದು ಎಂಬ ಸಾಮಾನ್ಯ ನಿಯಮ ಎಲ್ಲಿಯೂ ಇಲ್ಲ. ಫಲಕದ ಮೇಲೆ ಬೆಳಿಗ್ಗೆ ಇಷ್ಟರಿಂದ ರಾತ್ರಿ ಇಷ್ಟರವರೆಗೆ ಎಂದು ಸಮಯ ಬರೆದಿದ್ದರೆ ಆ ಸಮಯದಾಚೆ ನಿಲ್ಲಿಸಬಹುದು. ಸಮಯ ಬರೆದಿಲ್ಲದಿದ್ದರೆ ಆ ನಿಷೇಧ ಇಪ್ಪತ್ತನಾಲ್ಕು ಗಂಟೆಯೂ ಇರುತ್ತದೆ. ರಾತ್ರಿ ದಂಡ ಹಾಕುವವರು ಕಾಣುವುದಿಲ್ಲ ಎಂಬುದನ್ನೇ ಜನ ನಿಯಮವೆಂದು ತಿಳಿದಿದ್ದಾರೆ. ಇದರ ಜೊತೆಗೆ, 1988ರ ಮೋಟಾರು ವಾಹನ ಕಾಯ್ದೆಯ 127ನೇ ಕಲಮಿನ ಪ್ರಕಾರ, ಸಾರ್ವಜನಿಕ ಸ್ಥಳದಲ್ಲಿ ಹತ್ತು ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಯಾರೂ ನೋಡಿಕೊಳ್ಳದೆ ಬಿಟ್ಟ ವಾಹನವನ್ನು, ಅಥವಾ ನಿಲುಗಡೆ ನಿಷೇಧಿಸಿದ ಜಾಗದಲ್ಲಿ ನಿಂತ ವಾಹನವನ್ನು ಎತ್ತಿಸಿ ಸಾಗಿಸಲು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಅನುಮತಿ ಕೊಡಬಹುದು. ರಾತ್ರಿ ಒಂಬತ್ತಕ್ಕೆ ನಿಲ್ಲಿಸಿ ಬೆಳಿಗ್ಗೆ ಎಂಟಕ್ಕೆ ತೆಗೆದರೆ ಹನ್ನೊಂದು ಗಂಟೆಯಾಗುತ್ತದೆ. ದಿನವೂ ಹಾಗೆ ಎತ್ತುತ್ತಾರೆಂದು ನಾನು ಹೇಳುತ್ತಿಲ್ಲ. ಎತ್ತಿದ ದಿನ ನಿಮ್ಮ ಪರವಾಗಿ ವಾದಿಸಲು ನಿಯಮವಿರುವುದಿಲ್ಲ, ಅಷ್ಟೆ. ಸಮ ದಿನಾಂಕ, ಬೆಸ ದಿನಾಂಕ ಎಂದು ಬದಿ ಬದಲಾಗುವ ರಸ್ತೆಯಾದರೆ ಇನ್ನೊಂದು ತೊಡಕು ಇದೆ. ದಿನಾಂಕ ಬದಲಾಗುವುದು ಮಧ್ಯರಾತ್ರಿ. ನೀವು ಸರಿಯಾದ ಬದಿಯಲ್ಲೇ ನಿಲ್ಲಿಸಿ ಮಲಗಿದ ಬೈಕು, ನೀವು ಏಳುವ ಹೊತ್ತಿಗೆ ತಪ್ಪು ಬದಿಯಲ್ಲಿ ನಿಂತಿರುತ್ತದೆ.

ಎರಡನೆಯದು, ಹಣ ಕೊಟ್ಟು ನಿಲ್ಲಿಸಿದರೂ ಯಾರೂ ಹೊಣೆಯಲ್ಲ ಎಂಬ ಮಾತು. ಚೀಟಿಯ ಹಿಂದೆ ಸಣ್ಣಕ್ಷರದಲ್ಲಿ ವಾಹನ ಮಾಲೀಕರ ಜವಾಬ್ದಾರಿಯ ಮೇಲೆ ನಿಲ್ಲಿಸಲಾಗಿದೆ ಎಂದು ಮುದ್ರಿಸಿರುವುದನ್ನು ಓದಿ ಜನ ಕೈಚೆಲ್ಲುತ್ತಾರೆ. ಆದರೆ 1872ರ ಭಾರತೀಯ ಕರಾರು ಕಾಯ್ದೆಯ 151ನೇ ಕಲಮು, ಇನ್ನೊಬ್ಬರ ವಸ್ತುವನ್ನು ತನ್ನ ವಶಕ್ಕೆ ಪಡೆದವನು ತನ್ನದೇ ವಸ್ತುವನ್ನು ವಿವೇಕವುಳ್ಳ ಸಾಮಾನ್ಯ ಮನುಷ್ಯ ಎಷ್ಟು ಜೋಪಾನ ಮಾಡುತ್ತಾನೋ ಅಷ್ಟು ಜೋಪಾನ ಮಾಡಬೇಕೆಂದು ಹೇಳುತ್ತದೆ. ದೆಹಲಿಯ ಹೋಟೆಲೊಂದರಿಂದ 1998ರಲ್ಲಿ ಕಳುವಾದ ಕಾರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ನವೆಂಬರಿನಲ್ಲಿ, ಕೀ ಪಡೆದು ವಾಹನವನ್ನು ವಶಕ್ಕೆ ತೆಗೆದುಕೊಂಡ ಮೇಲೆ ಇಂಥ ಸೂಚನೆಯೊಂದನ್ನು ತೋರಿಸಿ ತನ್ನ ನಿರ್ಲಕ್ಷ್ಯದ ಹೊಣೆಯಿಂದ ಜಾರಿಕೊಳ್ಳಲು ಹೋಟೆಲಿಗೆ ಸಾಧ್ಯವಿಲ್ಲವೆಂದು ತೀರ್ಪು ಕೊಟ್ಟಿತು. ಇದರ ಮಿತಿಯನ್ನೂ ತಿಳಿದುಕೊಳ್ಳಿ. ಅಲ್ಲಿ ಕೀ ಹೋಟೆಲಿನ ಸಿಬ್ಬಂದಿಯ ಕೈಗೆ ಹೋಗಿತ್ತು. ಯಾರೋ ಬರೀ ಜಾಗ ಬಳಸಿಕೊಳ್ಳಲು ಬಿಟ್ಟು, ನೀವೇ ನಿಲ್ಲಿಸಿ, ನೀವೇ ಬೀಗ ಹಾಕಿ, ಕೀ ಜೇಬಿಗೆ ಹಾಕಿಕೊಂಡು ಹೋಗುವ ಏರ್ಪಾಡಿನಲ್ಲಿ ವಾಹನ ಅವರ ವಶದಲ್ಲಿತ್ತು ಎಂದು ಸಾಧಿಸುವುದು ಕಷ್ಟ. ಚೀಟಿ ಕೊಟ್ಟು, ಹೊರಗೆ ಹೋಗುವಾಗ ಚೀಟಿ ನೋಡಿ ಬಿಡುವ ಕಾವಲುಗಾರನಿರುವ ಜಾಗ ಇವೆರಡರ ನಡುವೆ ಬರುತ್ತದೆ. ಆದ್ದರಿಂದಲೇ, ಎಷ್ಟೇ ಸಣ್ಣ ಮೊತ್ತವಾಗಲಿ, ಏನು ಒಪ್ಪಂದವಾಯಿತು ಎಂಬುದು ಕಾಗದದ ಮೇಲಿರಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಮೂರನೆಯದು ಇನ್ಶೂರೆನ್ಸ್. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದೇ. 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನ ಕೊಳ್ಳುವಾಗಲೇ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಗಿದೆ. ಹಾಗಾಗಿ ಎರಡೂವರೆ ವರ್ಷದ ಬೈಕಿನ ಪಾಲಿಸಿ ತೆಗೆದು ನೋಡಿದರೆ ಐದು ವರ್ಷದ ಅವಧಿ ಕಾಣುತ್ತದೆ, ಪೊಲೀಸರು ತಡೆದರೂ ಅದು ನಡೆಯುತ್ತದೆ, ಎಲ್ಲ ಸರಿಯಿದೆ ಎಂಬ ನಂಬಿಕೆ ಬೆಳೆಯುತ್ತದೆ. ಆದರೆ ಥರ್ಡ್ ಪಾರ್ಟಿ ವಿಮೆಯು ನಿಮ್ಮ ಬೈಕಿನಿಂದ ಇನ್ನೊಬ್ಬರಿಗೆ ಆದ ಹಾನಿಗೆ ಮಾತ್ರ. ನಿಮ್ಮ ಬೈಕು ಕಳುವಾದರೆ ಅದರಿಂದ ಒಂದು ರೂಪಾಯಿಯೂ ಬರುವುದಿಲ್ಲ. ಕಳವಿಗೆ ಬೇಕಾದದ್ದು ಓನ್ ಡ್ಯಾಮೇಜ್ ಭಾಗ, ಅಂದರೆ ನಿಮ್ಮ ಸ್ವಂತ ವಾಹನದ ನಷ್ಟಕ್ಕೆ ಇರುವ ವಿಮೆ. ಅದನ್ನು ಷೋರೂಮಿನಲ್ಲಿ ಸಾಮಾನ್ಯವಾಗಿ ಒಂದೇ ವರ್ಷಕ್ಕೆ ಮಾಡಿಸಿರುತ್ತಾರೆ, ಎರಡನೇ ವರ್ಷ ನವೀಕರಿಸುವಂತೆ ಬಂದ ಕರೆಯನ್ನು ಜನ ಮಾರಾಟದ ಕರೆಯೆಂದು ಕಡಿದುಹಾಕಿರುತ್ತಾರೆ. ಎಫ್‌ಐಆರ್ ಪ್ರತಿ ಹಿಡಿದು ಬಂದವರಿಗೆ ನಿಮ್ಮ ಓನ್ ಡ್ಯಾಮೇಜ್ ಮುಗಿದು ಒಂದು ವರ್ಷವಾಯಿತು ಎಂದು ಹೇಳಬೇಕಾದ ಸಂದರ್ಭಗಳು ನನ್ನ ವೃತ್ತಿಯ ಅತ್ಯಂತ ಕಷ್ಟದ ಸಂದರ್ಭಗಳು. ಆದ್ದರಿಂದ ಇವತ್ತೇ ಪಾಲಿಸಿ ತೆಗೆದು, ಓನ್ ಡ್ಯಾಮೇಜ್ ಎಂಬುದರ ಮುಂದೆ ಇರುವ ಮುಕ್ತಾಯ ದಿನಾಂಕವನ್ನು ನೋಡಿ.

ಅದು ಮುಗಿದಿದ್ದರೆ ಬರೀ ಆ ಭಾಗವನ್ನು ಪ್ರತ್ಯೇಕವಾಗಿ ಕೊಳ್ಳಬಹುದು. 2019ರ ಸೆಪ್ಟೆಂಬರಿನಿಂದ ಆ ಸೌಲಭ್ಯವಿದೆ. ಮಧ್ಯೆ ಬಿಟ್ಟುಹೋಗಿದ್ದರೆ ಕಂಪನಿಯವರು ಬೈಕನ್ನು ನೋಡಿ, ಫೋಟೊ ತೆಗೆದು ಪಾಲಿಸಿ ಕೊಡುತ್ತಾರೆ. ಎರಡರಿಂದ ಮೂರು ವರ್ಷದೊಳಗಿನ ವಾಹನಕ್ಕೆ, ಬೈಕು ತಯಾರಕರ ದರಪಟ್ಟಿಯ ಬೆಲೆಯಲ್ಲಿ ಶೇ 30 ಸವಕಳಿ ಕಳೆದು ವಿಮಾ ಮೌಲ್ಯ, ಅಂದರೆ ಬೈಕು ಕಳುವಾದರೆ ಪರಿಹಾರಕ್ಕೆ ಲೆಕ್ಕ ಹಿಡಿಯುವ ಮೊತ್ತ, ನಿಗದಿ ಮಾಡುತ್ತಾರೆ. ಉದಾಹರಣೆಗೆ ಬೆಲೆ 90,000 ರೂಪಾಯಿ ಎಂದಿಟ್ಟುಕೊಂಡರೆ ಮೌಲ್ಯ 63,000 ರೂಪಾಯಿ. ಇಂಥ ಬೈಕಿನ ಓನ್ ಡ್ಯಾಮೇಜ್ ಪ್ರೀಮಿಯಂ ಸಾಮಾನ್ಯವಾಗಿ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿರುತ್ತದೆ, ಅಂದರೆ ನಿಮ್ಮ ತಿಂಗಳ 500ರಲ್ಲಿ ನೂರನ್ನು ಇದಕ್ಕೆ ಎತ್ತಿಡಿ. ಸಾಲವಿರುವ ವಾಹನವಾದ್ದರಿಂದ ಕಳವಿನ ಪರಿಹಾರ ಮೊದಲು ಸಾಲ ಕೊಟ್ಟವರಿಗೆ ಹೋಗಿ, ಉಳಿದದ್ದು ನಿಮಗೆ ಬರುತ್ತದೆ. ಕಂತಿನ ಹೊರೆಯಾದರೂ ತಪ್ಪುತ್ತದೆ. ಪೆಟ್ರೋಲಿಗೆ ವಿಮೆ ಸಿಗುವುದಿಲ್ಲ. ದ್ವಿಚಕ್ರ ವಾಹನದ ಪಾಲಿಸಿಯಲ್ಲಿ, ವಾಹನವೂ ಜೊತೆಗೇ ಕಳುವಾಗದ ಹೊರತು ಬಿಡಿ ಸಲಕರಣೆಗಳ ಕಳವಿಗೆ ಪರಿಹಾರವಿಲ್ಲ ಎಂಬ ಷರತ್ತೂ ಇರುತ್ತದೆ. ಹಾಗಾಗಿ ಸಣ್ಣ ನಷ್ಟಗಳನ್ನು ಜಾಗದ ಆಯ್ಕೆಯಿಂದಲೇ ತಡೆಯಬೇಕು.

ಇನ್ನು ನಿಮ್ಮ ಬೈಕಿಗೆ ಆದದ್ದೇನು ಎಂದು ನೋಡೋಣ. ನಾಲ್ಕು ಅಂಗಡಿ ಆಚೆ ಸಿಕ್ಕ ಬೈಕು ಕಳ್ಳರ ಕೆಲಸವೆಂದು ನನಗೆ ಅನ್ನಿಸುವುದಿಲ್ಲ. ಮಂಡಿಪೇಟೆ ಹಗಲಿನಲ್ಲಿ ಗಿರಾಕಿಗಳದು, ನಸುಕಿನಲ್ಲಿ ಸರಕಿನದು. ಬೆಳಗಾಗುವ ಮುನ್ನವೇ ಲಾರಿಗಳು, ಸರಕಿನ ಆಟೊಗಳು ಬಂದು ಅಂಗಡಿಯ ಬಾಗಿಲಿಗೆ ಹಿಂಬದಿ ಕೊಟ್ಟು ನಿಲ್ಲುತ್ತವೆ. ಚೀಲ ಇಳಿಸುವ ಹಮಾಲರಿಗೆ ದಾರಿ ಬೇಕು. ಹ್ಯಾಂಡಲ್ ಲಾಕ್ ಆಗಿರುವ ಬೈಕನ್ನು ತಳ್ಳಲು ಬರುವುದಿಲ್ಲ, ಆದ್ದರಿಂದ ಇಬ್ಬರು ಹಿಂದಿನ ಹಿಡಿಕೆ ಹಿಡಿದು ಎತ್ತಿ, ಮುಂದಿನ ಚಕ್ರವನ್ನು ನೆಲದ ಮೇಲೆ ಎಳೆದು, ಬೇರೆ ಬೈಕುಗಳ ನಡುವೆ ತುರುಕುತ್ತಾರೆ. ಪಕ್ಕದ ಬೈಕಿನ ಹ್ಯಾಂಡಲ್ಲಿಗೆ ತಾಗಿ ಕನ್ನಡಿ ಮುರಿಯುವುದು ಆಗಲೇ. ಮುಂದಿನ ಟೈರಿನ ಒಂದು ಬದಿಯಲ್ಲಿ ಉಜ್ಜಿದ ಗುರುತಿದೆಯೇ, ಸೈಡ್ ಸ್ಟ್ಯಾಂಡಿನ ತುದಿ ಬಾಗಿದೆಯೇ ನೋಡಿ. ಇದ್ದರೆ ನಾನು ಹೇಳಿದ್ದೇ ನಡೆದಿರಬೇಕು. ಅವರ ಮೇಲೆ ಸಿಟ್ಟಾಗಿ ಫಲವಿಲ್ಲ, ಆ ಜಾಗ ಆ ಹೊತ್ತಿಗೆ ಅವರ ದುಡಿಮೆಯ ಜಾಗ.

ಹಳೇ ಪೇಟೆಯ ಕಟ್ಟಡಗಳಲ್ಲಿ ಬೈಕಿಗೆ ಎಡೆಯೇ ಇಲ್ಲದಿರುವುದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಗೋಡೆಗೆ ಗೋಡೆ ಅಂಟಿಸಿ, ಕೆಳಗೆ ಅಂಗಡಿ, ಮೇಲೆ ಮನೆ ಎಂದು ಕಟ್ಟಿದ ಕಾಲದಲ್ಲಿ ಮನೆಗೊಂದು ಬೈಕು ಇರಲಿಲ್ಲ. ಮಾಲೀಕರು ಬಡಾವಣೆಗಳಿಗೆ ಹೋದ ಮೇಲೆ ಮಹಡಿಗಳು ಒಂದೊಂದು ರೂಮಾಗಿ ಒಡೆದು, ಒಂದು ಸಂಸಾರವಿದ್ದ ಕಡೆ ನಾಲ್ಕೈದು ಜನ ದುಡಿಯುವ ಹುಡುಗರು, ಅಂದರೆ ನಾಲ್ಕೈದು ಬೈಕುಗಳು ಬಂದವು. ಊರಿನ ನಿಲುಗಡೆ ಯೋಜನೆಗಳು ಹಗಲು ಬಂದುಹೋಗುವ ಗಿರಾಕಿಯನ್ನು ಕಣ್ಣಮುಂದೆ ಇಟ್ಟುಕೊಂಡೇ ಆಗುತ್ತವೆ. ರಾತ್ರಿ ಅಲ್ಲೇ ಮಲಗುವವರ ವಾಹನ ಯಾರ ಲೆಕ್ಕಕ್ಕೂ ಬರುವುದಿಲ್ಲ, ಏಕೆಂದರೆ ಅಧಿಕಾರಿಗಳು ನೋಡುವ ಹೊತ್ತಿನಲ್ಲಿ ಆ ಬೈಕುಗಳು ಅಲ್ಲಿರುವುದಿಲ್ಲ.

ಮೆಟ್ಟಿಲ ಕೆಳಗಿನ ಜಾಗಕ್ಕಾಗಿ ಮಾಲೀಕರನ್ನು ಮತ್ತೆ ಕಾಡಬೇಡಿ ಎಂಬುದು ನನ್ನ ಸಲಹೆ. ಹಳೆಯ ಕಟ್ಟಡಗಳಲ್ಲಿ ವಿದ್ಯುತ್ ಮೀಟರುಗಳು, ಮೇನ್ ಸ್ವಿಚ್ಚು ಮೆಟ್ಟಿಲ ಬುಡದಲ್ಲೇ ಇರುತ್ತವೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಮುಚ್ಚಿದ ಜಾಗದಲ್ಲಿ ನೆಲದ ಮಟ್ಟದಲ್ಲೇ ನಿಲ್ಲುತ್ತದೆ. ಅಲ್ಲಿ ಕಿಡಿ ಹಾರಿದರೆ ಬೆಂಕಿ ಹತ್ತುವುದೂ ಅಲ್ಲೇ, ಮೇಲಿನವರು ಇಳಿದು ಪಾರಾಗಬೇಕಾದ ದಾರಿಯೂ ಅದೊಂದೇ. 2022ರ ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನ ವಸತಿಗೃಹವೊಂದರ ಕೆಳಗಿದ್ದ ಎಲೆಕ್ಟ್ರಿಕ್ ಸ್ಕೂಟರ್ ಮಳಿಗೆಯಲ್ಲಿ ಹತ್ತಿದ ಬೆಂಕಿಯ ಹೊಗೆ ಮೆಟ್ಟಿಲ ದಾರಿಯಿಂದಲೇ ಮೇಲೇರಿ, ಎಂಟು ಮಂದಿ ಸತ್ತರು. ಎರಡನೇ ಮಹಡಿಯಲ್ಲಿ ಮಲಗುವ ನೀವೇ ಆ ಮೆಟ್ಟಿಲು ಖಾಲಿ ಇರಲಿ ಎಂದು ಬಯಸಬೇಕು. ಇದೇ ಕಾರಣಕ್ಕೆ ನಿಮ್ಮ ಅಂಗಡಿಯೊಳಗೆ ಬೈಕು ನಿಲ್ಲಿಸಿಕೊಳ್ಳುತ್ತೇನೆಂದು ಯಜಮಾನರನ್ನು ಕೇಳುವುದೂ ಬೇಡ. ಬಟ್ಟೆ ದಾಸ್ತಾನಿನ ನಡುವೆ ಪೆಟ್ರೋಲ್ ತುಂಬಿದ ವಾಹನ ನಿಲ್ಲಿಸಿದರೆ ಅವರ ಅಗ್ನಿ ವಿಮೆಯ ಕ್ಲೇಮಿಗೂ ತಕರಾರು ಬರಬಹುದು. ಅಂಗಡಿಗೆ ಪ್ರತ್ಯೇಕವಾದ ಹಿತ್ತಲೋ, ಗೇಟಿರುವ ಗೋದಾಮಿನ ಅಂಗಳವೋ ಇದ್ದರೆ ಅದನ್ನು ಮಾತ್ರ ಕೇಳಿ. ಸಂಬಳ ಕೊಡುವವರ ಅಂಗಳ ಎಲ್ಲಕ್ಕಿಂತ ಅಗ್ಗ. ಬೆಳಿಗ್ಗೆ ಬಾಗಿಲು ತೆರೆಯುವವರೆಗೆ ಬೈಕು ಸಿಗುವುದಿಲ್ಲ ಎಂಬುದೊಂದೇ ಅದರ ಕೊರತೆ, ನಿಮ್ಮ ಕೆಲಸ ಶುರುವಾಗುವುದೂ ಆಗಲೇ ಆದ್ದರಿಂದ ಅದು ನಿಮಗೆ ತೊಡಕಾಗದು.

ಅದು ಆಗದಿದ್ದರೆ ಮುಂದಿನ ದಾರಿ, ಬೀಗ ಹಾಕುವ ಗೇಟುಗಳನ್ನು ಹುಡುಕುವುದು. ಇದನ್ನು ಹಗಲು ಮಾಡಬೇಡಿ. ರಾತ್ರಿ ಒಂಬತ್ತೂವರೆಯಿಂದ ಹತ್ತೂವರೆಯ ನಡುವೆ ನಿಮ್ಮ ರೂಮಿನಿಂದ ಹತ್ತು ನಿಮಿಷದ ನಡಿಗೆಯೊಳಗೆ ಸುತ್ತಿ ನೋಡಿ. ಹಗಲು ತೆರೆದೇ ಇರುವ ಗೇಟುಗಳಲ್ಲಿ ಯಾವುದಕ್ಕೆ ನಿಜವಾಗಿ ಬೀಗ ಬೀಳುತ್ತದೆ, ಯಾವ ಅಂಗಳದಲ್ಲಿ ದೀಪ ಉರಿಯುತ್ತದೆ, ಯಾರು ಮಂಚ ಹಾಕಿಕೊಂಡು ಅಲ್ಲೇ ಮಲಗುತ್ತಾರೆ ಎಂಬುದೆಲ್ಲ ಆಗ ಮಾತ್ರ ಕಾಣುತ್ತದೆ. ಸುತ್ತುವಾಗ ಮೂರು ಬಗೆಯ ಜಾಗಗಳ ಮೇಲೆ ಕಣ್ಣಿಡಿ.

ಹಳೆಯ ವಸತಿಗೃಹಗಳು ನನ್ನ ಮೊದಲ ಆಯ್ಕೆ. ಹಳೇ ಬಸ್ ನಿಲ್ದಾಣ, ಗಾಂಧಿ ವೃತ್ತ, ಪಿ.ಬಿ. ರಸ್ತೆಯ ಆಸುಪಾಸಿನಲ್ಲಿ ಅಂಗಳವಿರುವ ಲಾಡ್ಜುಗಳನ್ನು ವಿಚಾರಿಸಿ. ರಾತ್ರಿಯಿಡೀ ಕೌಂಟರಿನಲ್ಲಿ ಒಬ್ಬರು ಇರುತ್ತಾರೆ, ಬಂದುಹೋಗುವವರ ಹೆಸರು ಬರೆದುಕೊಳ್ಳುತ್ತಾರೆ, ಕ್ಯಾಮೆರಾ ಇರುತ್ತದೆ. ಮಾತನಾಡಬೇಕಾದದ್ದು ಮ್ಯಾನೇಜರ್ ಜೊತೆ. ಕಾವಲುಗಾರನ ಜೊತೆ ಒಳಗೊಳಗೇ ಮಾಡಿಕೊಂಡ ಏರ್ಪಾಡು, ಆತ ಬದಲಾದ ದಿನವೇ ಮುಗಿಯುತ್ತದೆ, ಕಳವಾದರೆ ಇಂಥವರು ನಮ್ಮಲ್ಲಿ ನಿಲ್ಲಿಸುತ್ತಲೇ ಇರಲಿಲ್ಲ ಎನ್ನಲೂ ದಾರಿಯಾಗುತ್ತದೆ. ಮದುವೆಯ ದಿನಗಳಲ್ಲಿ, ಹಬ್ಬದ ಹೊತ್ತಿನಲ್ಲಿ ಅಂಗಳ ತುಂಬಿ ನಿಮಗೆ ಜಾಗ ಸಿಗದೆ ಹೋಗಬಹುದು, ಅಂಥ ದಿನ ಹಿಂದಿನ ದಿನವೇ ತಿಳಿಸಿ ಎಂದು ಕೇಳಿಕೊಳ್ಳಿ.

ಎರಡನೆಯದು, ಪೇಟೆಗೆ ಅಂಟಿಕೊಂಡ ಬಡಾವಣೆಗಳ ಕಾಂಪೌಂಡ್ ಇರುವ ಮನೆಗಳು. ಪಿ.ಜೆ. ಬಡಾವಣೆ, ಕೆ.ಬಿ. ಬಡಾವಣೆಗಳಲ್ಲಿ ಮಕ್ಕಳು ಬೆಂಗಳೂರಿಗೆ ಹೋಗಿ, ಹಿರಿಯರಿಬ್ಬರೇ ಉಳಿದಿರುವ ಮನೆಗಳಿವೆ. ಕಾರು ನಿಲ್ಲಿಸುತ್ತಿದ್ದ ಜಾಗ ಖಾಲಿ ಬಿದ್ದಿರುತ್ತದೆ. ಅವರಿಗೆ ನಿಮ್ಮ 300–400 ರೂಪಾಯಿಗಿಂತ, ಬರುವವನು ಯಾರು, ಎಷ್ಟು ಹೊತ್ತಿಗೆ ಬರುತ್ತಾನೆ ಎಂಬುದೇ ದೊಡ್ಡದು. ಹಾಗಾಗಿ ನಿಮ್ಮ ಅಂಗಡಿಯ ಯಜಮಾನರಿಂದಲೋ, ಆ ಬೀದಿಯ ಕಿರಾಣಿ ಅಂಗಡಿಯವರಿಂದಲೋ ಒಂದು ಮಾತು ಹೇಳಿಸಿಕೊಂಡು ಹೋಗಿ. ಆಧಾರ್ ಪ್ರತಿ ಮತ್ತು ಫೋನ್ ನಂಬರನ್ನು ಅವರು ಕೇಳುವ ಮುನ್ನವೇ ಕೊಡಿ. ರಾತ್ರಿ ಹತ್ತರ ಮೇಲೆ ಬರುವುದಿಲ್ಲ, ಗೇಟಿನ ಹೊರಗೇ ಎಂಜಿನ್ ನಿಲ್ಲಿಸಿ ತಳ್ಳಿಕೊಂಡು ಬರುತ್ತೇನೆ ಎಂದು ನೀವಾಗಿಯೇ ಹೇಳಿ, ಹೇಳಿದಂತೆ ನಡೆದುಕೊಳ್ಳಿ. ನನ್ನ ಮಟ್ಟಿಗೆ ಹೆಚ್ಚು ಕಾಲ ಬಾಳುವ ಏರ್ಪಾಡು ಇದೇ. ಒಂದು ವಿಷಯ ಮಾತ್ರ ಗಮನಿಸಿ: ಇಲ್ಲಿ ನಿಮಗೆ ಸಿಗುವುದು ಜಾಗ ಮತ್ತು ಗೇಟು. ಕಳವಾದರೆ ಆ ಹಿರಿಯರನ್ನು ಹೊಣೆ ಮಾಡಲು ಬರುವುದಿಲ್ಲ, ಮಾಡುವುದು ಸರಿಯೂ ಅಲ್ಲ. ಆ ಭಾರವನ್ನು ವಿಮೆ ಹೊರಬೇಕು.

ಮೂರನೆಯದು ಗ್ಯಾರೇಜು ಮತ್ತು ವಾಟರ್ ಸರ್ವೀಸ್ ಶೆಡ್ಡುಗಳು. ಷಟರ್ ಇರುತ್ತದೆ, ಬೈಕು ಇಡುವುದು ಅವರಿಗೆ ಹೊಸದಲ್ಲ, ಒಪ್ಪಿಕೊಳ್ಳುವುದೂ ಬೇಗ. ಆದರೆ ಕೀ ಬಿಟ್ಟುಹೋಗು, ಅಡ್ಡ ಬಂದರೆ ಸರಿಸುತ್ತೇವೆ ಎನ್ನುತ್ತಾರೆ. ಕೀ ಬಿಟ್ಟ ಮೇಲೆ ಕೆಲಸದ ಹುಡುಗರು ಟೀ ತರಲು ಅದನ್ನೇ ಓಡಿಸಿಕೊಂಡು ಹೋಗುವುದು ನಡೆಯುತ್ತದೆ. ಓಡಿಸಿದವನಿಗೆ ಲೈಸೆನ್ಸ್ ಇಲ್ಲದೆ ಅಪಘಾತವಾದರೆ ಪರಿಹಾರದ ಪ್ರಕರಣ ವಾಹನ ಮಾಲೀಕರಾದ ನಿಮ್ಮ ಮೇಲೂ ಬರುತ್ತದೆ. ಕೀ ಕೊಡದೆ ಒಪ್ಪಿದರೆ ಮಾತ್ರ ಮುಂದುವರಿಯಿರಿ.

ರೈಲು ನಿಲ್ದಾಣ ಮತ್ತು ಬಸ್ ನಿಲ್ದಾಣಗಳ ಹಣ ಪಾವತಿಸುವ ನಿಲುಗಡೆಯ ಬಗ್ಗೆ ನೀವು ಕೇಳಿಲ್ಲವಾದರೂ ಅದನ್ನು ಬಿಡಬಾರದು. ಮಂಡಿಪೇಟೆಯಿಂದ ರೈಲು ನಿಲ್ದಾಣ ನಡೆದು ಹೋಗುವಷ್ಟೇ ದೂರ. ಇಂಥ ಕಡೆ ದರ ಗಂಟೆಗಳ ಹಂತದಲ್ಲಿರುತ್ತದೆ. ಫಲಕದಲ್ಲಿ ಹನ್ನೆರಡು ಗಂಟೆಯ ಹಂತ ಎಲ್ಲಿ ಮುಗಿಯುತ್ತದೆ ಎಂಬುದನ್ನು ನೋಡಿಕೊಂಡು ಬಿಡುವ ಮತ್ತು ತೆಗೆಯುವ ಹೊತ್ತನ್ನು ಅದಕ್ಕೆ ಹೊಂದಿಸಿಕೊಂಡರೆ ಉಳಿತಾಯವಾಗುತ್ತದೆ. ಆದರೂ ದಿನಕ್ಕೆ 20 ರೂಪಾಯಿ ಎಂದು ಹಿಡಿದರೆ ತಿಂಗಳಿಗೆ 600 ಆಗಿ ನಿಮ್ಮ ಮಿತಿ ದಾಟುತ್ತದೆ. ತಿಂಗಳ ಪಾಸು ಇದೆಯೇ ಎಂದು ಕೇಳಿ; ಇದ್ದರೆ ರಸೀದಿ ಪಡೆದೇ ಕೊಳ್ಳಿ. ರಾತ್ರಿ ಪಾಳಿಯಲ್ಲಿ ಚೀಟಿ ನೋಡದೆ ಬಿಡುತ್ತಾರೋ ಎಂಬುದನ್ನೂ ಒಂದು ರಾತ್ರಿ ನಿಂತು ಗಮನಿಸಿ. ಪಾಸು ಇಲ್ಲದಿದ್ದರೆ, ಬೇರೆ ಜಾಗ ಕೈಕೊಟ್ಟ ದಿನಗಳಿಗೆ ಇದನ್ನು ಇಟ್ಟುಕೊಳ್ಳಿ. ಗಣೇಶನ ಮೆರವಣಿಗೆಯ ದಿನ, ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯ ದಿನಗಳಲ್ಲಿ ಹಳೇ ಊರಿನ ಬೀದಿಗಳಲ್ಲಿ ಬೈಕು ಬಿಡುವ ಯೋಚನೆಯನ್ನೇ ಮಾಡದೆ ನೇರವಾಗಿ ಇಲ್ಲಿಗೆ ತರುವುದು ಒಳ್ಳೆಯದು. ಆಸ್ಪತ್ರೆಯ ನಿಲುಗಡೆಯಲ್ಲಿ ರೋಗಿಯ ಕಡೆಯವರಂತೆ ಬಿಟ್ಟುಹೋಗುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಅರ್ಧ ರಾತ್ರಿಯಲ್ಲಿ ಹಳ್ಳಿಯಿಂದ ರೋಗಿಯನ್ನು ಕರೆತರುವವರಿಗೆ ಆ ಜಾಗ ಬೇಕು.

ಎಲ್ಲಿಯೇ ಒಪ್ಪಂದವಾಗಲಿ, ಅರ್ಧ ಹಾಳೆಯಲ್ಲಿ ಬರೆದುಕೊಳ್ಳಿ: ವಾಹನದ ನಂಬರು, ಇಬ್ಬರ ಹೆಸರು, ತಿಂಗಳ ಮೊತ್ತ, ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ, ಗೇಟಿಗೆ ಬೀಗ ಹಾಕುವವರು ಯಾರು, ಬಿಡುವುದಾದರೆ ಎಷ್ಟು ದಿನ ಮುಂಚೆ ಹೇಳಬೇಕು. ಹಣವನ್ನು ಫೋನ್ ಮೂಲಕ ಕಳುಹಿಸಿ, ಟಿಪ್ಪಣಿಯಲ್ಲಿ ಬೈಕು ನಿಲುಗಡೆ ಎಂದು ತಿಂಗಳ ಹೆಸರು ಸೇರಿಸಿ ಬರೆಯಿರಿ. ಬೈಕು ರಾತ್ರಿ ಎಲ್ಲಿತ್ತು ಎಂಬುದಕ್ಕೆ ಪೊಲೀಸರ ಮುಂದೆ, ವಿಮಾ ಕಂಪನಿಯ ಮುಂದೆ ಅದು ಸಾಕ್ಷಿಯಾಗುತ್ತದೆ.

ಜಾಗ ಸಿಗುವವರೆಗೆ ಬೀದಿಯಲ್ಲೇ ನಿಲ್ಲಿಸಬೇಕಾದೀತು. ಹಾಗಿದ್ದರೆ ಸರಕು ಇಳಿಯುವ ಸಗಟು ಅಂಗಡಿಗಳ ಸಾಲು ಬಿಟ್ಟು, ಬೆಳಿಗ್ಗೆ ತಡವಾಗಿ ತೆರೆಯುವ ಚಿನ್ನದಂಗಡಿ, ಬ್ಯಾಂಕು, ಕಚೇರಿಗಳ ಕಡೆ, ಬೀದಿ ದೀಪದ ಬೆಳಕಿನಲ್ಲಿ ನಿಲ್ಲಿಸಿ. ಫುಟ್‌ಪಾತ್ ಮೇಲೆ, ಯಾರದ್ದೇ ಮನೆಯ ಬಾಗಿಲಿಗೆ ಅಡ್ಡವಾಗಿ ನಿಲ್ಲಿಸುವುದು ಕಾನೂನಿಗೂ ವಿರುದ್ಧ, ಜಗಳಕ್ಕೂ ದಾರಿ. ಹ್ಯಾಂಡಲ್ ಲಾಕನ್ನು ನಂಬಿ ಕೂರಬೇಡಿ. ಅದರೊಳಗಿನ ಸಣ್ಣ ಲೋಹದ ನಾಲಗೆ, ಹ್ಯಾಂಡಲ್ಲನ್ನು ಜೋರಾಗಿ ತಿರುಚಿದರೆ ಮುರಿಯುತ್ತದೆ, ಸದ್ದೂ ಹೆಚ್ಚಾಗುವುದಿಲ್ಲ. ಮುಂದೆ ಡಿಸ್ಕ್ ಬ್ರೇಕ್ ಇದ್ದರೆ ಡಿಸ್ಕ್ ಲಾಕ್, ಇಲ್ಲದಿದ್ದರೆ ಚಕ್ರ ಮತ್ತು ಚೌಕಟ್ಟನ್ನು ಸೇರಿಸಿ ಹಾಕುವ ದಪ್ಪ ಸರಪಳಿ ಬೇಕು. ಡಿಸ್ಕ್ ಲಾಕ್ ಹಾಕಿದ್ದನ್ನು ಮರೆತು ಬೆಳಿಗ್ಗೆ ಗೇರ್ ಹಾಕಿದರೆ ಬಿದ್ದುಬಿಡುತ್ತೀರಿ, ಲಾಕಿನಿಂದ ಹ್ಯಾಂಡಲ್ಲಿಗೆ ಬಣ್ಣದ ದಾರವೊಂದನ್ನು ಕಟ್ಟಿಡಿ. ಸರಪಳಿಯನ್ನು ವಿದ್ಯುತ್ ಕಂಬಕ್ಕೆ ಎಂದಿಗೂ ಸುತ್ತಬೇಡಿ. ಮಳೆಯಲ್ಲಿ ಕಂಬಕ್ಕೆ ವಿದ್ಯುತ್ ಹರಿದರೆ ಬೆಳಿಗ್ಗೆ ಬೀಗ ಮುಟ್ಟುವ ಕೈ ನಿಮ್ಮದು. ರಾತ್ರಿ ಟ್ಯಾಂಕ್ ತುಂಬಿಸಿ ನಿಲ್ಲಿಸಬೇಡಿ, ಪೆಟ್ರೋಲನ್ನು ಬೆಳಿಗ್ಗೆ ಹಾಕಿಸಿ. ಎದುರಿನ ಅಂಗಡಿಯ ಕ್ಯಾಮೆರಾ ಕಳವನ್ನು ತಡೆಯುವುದಿಲ್ಲ, ಅದರ ದೃಶ್ಯವೂ ಕೆಲವು ದಿನಗಳಲ್ಲಿ ತಾನಾಗಿ ಅಳಿಸಿಹೋಗುತ್ತದೆ, ಬೇಕಾದರೆ ಅದೇ ದಿನ ಕೇಳಿ ಉಳಿಸಿಕೊಳ್ಳಬೇಕು.

ನಿಮ್ಮ ಓಣಿಯಲ್ಲಿ ನಿಮ್ಮಂಥವರು ಇನ್ನೂ ಅನೇಕರು ಇರುತ್ತಾರೆ. ಎಲ್ಲರೂ ಸೇರಿ ಸಹಿ ಮಾಡಿ, ರಾತ್ರಿ ಖಾಲಿ ಇರುವ ಪಾಲಿಕೆಯ ವಾಣಿಜ್ಯ ಸಂಕೀರ್ಣಗಳ ನೆಲಮಾಳಿಗೆ ಅಥವಾ ಅಂಗಳವೊಂದನ್ನು ತಿಂಗಳ ಶುಲ್ಕದ ಮೇಲೆ ದ್ವಿಚಕ್ರ ವಾಹನಗಳಿಗೆ ಬಿಟ್ಟುಕೊಡಿ ಎಂದು ಮಹಾನಗರ ಪಾಲಿಕೆಯ ಆಯುಕ್ತರಿಗೆ ಮನವಿ ಕೊಡಿ. ಸ್ಥಳೀಯ ಸಂಸ್ಥೆಯ ಜೊತೆ ಸಮಾಲೋಚಿಸಿ ನಿಲುಗಡೆ ಸ್ಥಳ ಗೊತ್ತುಪಡಿಸಲು ಮೋಟಾರು ವಾಹನ ಕಾಯ್ದೆಯ 117ನೇ ಕಲಮಿನಲ್ಲಿ ಅವಕಾಶವಿದೆ. ಪ್ರತಿಯೊಬ್ಬರ ವಾಹನದ ನಂಬರು, ವಾಸದ ಓಣಿ, ನಿಲ್ಲಿಸುವ ಹೊತ್ತು ಬರೆದು ಪಟ್ಟಿ ಲಗತ್ತಿಸಿ. ಯಾರ ಲೆಕ್ಕಕ್ಕೂ ಬಾರದ ನಿಮ್ಮ ಬೈಕುಗಳು ಕಡತಕ್ಕೆ ಬರುವುದು ಆ ಪಟ್ಟಿಯಿಂದಲೇ. ಇದಕ್ಕೆ ಸಮಯ ಹಿಡಿಯುತ್ತದೆ. ಅಲ್ಲಿಯವರೆಗೆ ನಿಮ್ಮ ಏರ್ಪಾಡು ನಿಮಗಿರಲಿ.

ಕೊನೆಯದಾಗಿ, ಇಷ್ಟೆಲ್ಲ ಮಾಡಿಯೂ ಒಂದು ಬೆಳಿಗ್ಗೆ ಬೈಕು ಕಾಣದಿದ್ದರೆ, ಮೊದಲು ಆ ಬೀದಿಯ ಎರಡೂ ಕಡೆ ಹುಡುಕಿ, ಹಮಾಲರನ್ನು ವಿಚಾರಿಸಿ. ನಂತರ ಸಂಚಾರ ಪೊಲೀಸ್ ಠಾಣೆಯಲ್ಲಿ ಎತ್ತಿಕೊಂಡು ಹೋದ ವಾಹನಗಳಲ್ಲಿದೆಯೇ ಎಂದು ಕೇಳಿ. ಕಂತು ತಪ್ಪಿದ್ದರೆ ಸಾಲ ಕೊಟ್ಟವರು ಒಯ್ದಿದ್ದಾರೆಯೇ ಎಂಬುದನ್ನೂ ಕೇಳಬೇಕು. ಎಲ್ಲೂ ಇಲ್ಲವೆಂದು ಖಚಿತವಾದ ಕೂಡಲೇ 112ಕ್ಕೆ ಕರೆ ಮಾಡಿ, ಠಾಣೆಗೆ ಹೋಗಿ ಎಫ್‌ಐಆರ್ ಮಾಡಿಸಿ. ಅದರ ಪ್ರತಿ ಉಚಿತವಾಗಿ ಸಿಗಬೇಕು. ಬೇರೆ ಠಾಣೆಯ ವ್ಯಾಪ್ತಿ ಎಂಬ ಕಾರಣಕ್ಕೆ ದೂರು ನಿರಾಕರಿಸುವಂತಿಲ್ಲ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಇದನ್ನು ಸ್ಪಷ್ಟಪಡಿಸಿದೆ. ವಿಮಾ ಕಂಪನಿಗೂ ಅದೇ ದಿನ ತಿಳಿಸಿ. ಎಫ್‌ಐಆರ್ ತಕ್ಷಣ ಆಗಿದ್ದರೆ, ಕಂಪನಿಗೆ ತಿಳಿಸಲು ತಡವಾಯಿತೆಂಬ ಒಂದೇ ಕಾರಣಕ್ಕೆ ಕಳವಿನ ಕ್ಲೇಮು ತಿರಸ್ಕರಿಸಬಾರದು ಎಂದು 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಆದರೂ ತಡ ಮಾಡಿ ಅಲೆಯುವುದಕ್ಕಿಂತ ಅಂದೇ ತಿಳಿಸುವುದು ಲೇಸು. ಕ್ಲೇಮಿನ ವೇಳೆ ಕಂಪನಿ ಬೈಕಿನ ಎರಡೂ ಕೀಗಳನ್ನು ಕೇಳುತ್ತದೆ. ಒಂದು ಇಲ್ಲದಿದ್ದರೆ ಅದು ಎಲ್ಲಿ ಹೋಯಿತು, ಬೈಕಿನಲ್ಲೇ ಬಿಟ್ಟಿದ್ದಿರಾ ಎಂಬ ಪ್ರಶ್ನೆ ಹುಟ್ಟಿ ಹಣ ತಡವಾಗುತ್ತದೆ. ನಿಮ್ಮ ಎರಡನೇ ಕೀ ಜಗಳೂರಿನ ಮನೆಯಲ್ಲಿದ್ದರೆ ಅಲ್ಲೇ ಇರಲಿ, ಆದರೆ ಯಾವ ಪೆಟ್ಟಿಗೆಯಲ್ಲಿದೆ ಎಂದು ಮುಂದಿನ ಸಲ ಊರಿಗೆ ಹೋದಾಗ ಕಣ್ಣಾರೆ ನೋಡಿಕೊಂಡು ಬನ್ನಿ.